ಕೊಳ್ಳುವುದಿದ್ದರೆ ಇಳಿದ ಮೇಲೆ ಕೊಳ್ಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿ. ಈ ಊರುಗಳಿಂದ ಈಗ ವಿದೇಶಕ್ಕೆ ಹೋಗಿ ಬರುವವರು ತುಂಬಾ ಜನ ಇದ್ದಾರೆ. ಕೊಲ್ಲಿ ದೇಶದಲ್ಲಿ ದುಡಿಯುವ ಹುಡುಗರಿದ್ದಾರೆ. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೋಗುವ ತಾಯಂದಿರಿದ್ದಾರೆ. ಇಂದಿನ ನನ್ನ ಮಾತು ಇವರಿಗೆ, ಮತ್ತೆ ಇವರು ವಾಪಸ್ ಬರುವುದನ್ನೇ ಕಾಯುತ್ತಾ ಮನೆಯಲ್ಲಿ ಕೂತವರಿಗೆ. ನಾನು ಸುಂಕದ ಕೆಲಸದಲ್ಲೇ ತಲೆ ನರೆತವನು. ಈ ವಿಷಯದ ಬಗ್ಗೆ ಮಾತಾಡಿ ಎಂದು ಬಾನುಲಿಯವರು ಕರೆದಾಗ ನನಗೆ ನಿಜವಾಗಿಯೂ ಖುಷಿಯಾಯಿತು.

ನಾನು ಹೇಳಬೇಕಾಗಿರುವುದು ಒಂದೇ ಮಾತು. ವಿದೇಶದಿಂದ ಬರುವವರು ಮನೆಗೆ ಏನಾದರೂ ತಂದೇ ತರುತ್ತಾರೆ. ಅದಕ್ಕೆ ಅವರು ಕೊಡುವ ದುಡ್ಡು ಪರದೇಶದ ಗಲ್ಲಾಪೆಟ್ಟಿಗೆಗೆ ಬೀಳಬೇಕಾ, ನಮ್ಮ ನೆಲದಲ್ಲಿ ಬೀಳಬೇಕಾ? ನಮ್ಮ ನೆಲದಲ್ಲೇ ಬೀಳಲಿ ಎನ್ನುವುದು ನನ್ನ ವಾದ. ಅದಕ್ಕೇ, ವಿಮಾನ ಇಳಿದ ಮೇಲೆ ಸುಂಕವಿಲ್ಲದೆ ಕೊಳ್ಳುವ ಅಂಗಡಿ ಇರಬೇಕು, ಚೆನ್ನಾಗಿ ನಡೆಯಬೇಕು, ಜನ ಅದನ್ನು ಬಳಸಬೇಕು.

ಮೊದಲು ಈ ಅಂಗಡಿ ಅಂದರೆ ಏನು ಅಂತ ನೋಡೋಣ. ಡ್ಯೂಟಿ ಫ್ರೀ ಅಂತ ಕೇಳಿರುತ್ತೀರಿ. ಇದು ಹುಟ್ಟಿದ್ದು 1947ರಲ್ಲಿ, ಐರ್ಲೆಂಡ್ ದೇಶದ ಶಾನನ್ ವಿಮಾನ ನಿಲ್ದಾಣದಲ್ಲಿ. ಆಗ ಅಟ್ಲಾಂಟಿಕ್ ಸಮುದ್ರ ದಾಟುವ ವಿಮಾನಗಳು ಇಂಧನ ತುಂಬಿಸಿಕೊಳ್ಳಲು ಅಲ್ಲಿ ನಿಲ್ಲುತ್ತಿದ್ದವು. ಸುಮ್ನೆ ಕೂತ ಪ್ರಯಾಣಿಕರಿಗೆ ತೆರಿಗೆ ಇಲ್ಲದೆ ಸಾಮಾನು ಮಾರೋಣ ಎಂದು ಒಬ್ಬ ಜಾಣ ಲೆಕ್ಕ ಹಾಕಿದ. ಅವರು ಹೇಗೂ ದೇಶ ಬಿಟ್ಟು ಹೋಗುವವರು, ಈ ದೇಶದ ತೆರಿಗೆ ಅವರಿಗೇಕೆ ಎಂಬುದು ಅವನ ತರ್ಕ. ಅದಕ್ಕೇ ಬಹಳ ಕಾಲ ಈ ಅಂಗಡಿಗಳು ಹೊರಡುವ ಕಡೆ ಮಾತ್ರ ಇದ್ದವು. ಯುರೋಪಿನ ಎಷ್ಟೋ ದೇಶಗಳಲ್ಲಿ ಇವತ್ತಿಗೂ ಹಾಗೇ ಇದೆ, ಇಳಿದ ಮೇಲೆ ಕೊಳ್ಳುವಂತಿಲ್ಲ. ಆದರೆ ನಾರ್ವೆ 2005ರಲ್ಲಿ ಅವಕಾಶ ಕೊಟ್ಟಿತು. ಸ್ವಿಟ್ಜರ್ಲೆಂಡ್ 2011ರಲ್ಲಿ ಕೊಟ್ಟಿತು. ಜಪಾನ್ 2017ರಲ್ಲಿ, ದಕ್ಷಿಣ ಕೊರಿಯಾ 2019ರಲ್ಲಿ. ಇವರೆಲ್ಲ ದುಡ್ಡಿನ ಲೆಕ್ಕ ಗೊತ್ತಿಲ್ಲದ ದೇಶಗಳಾ? ತಮ್ಮ ಜನ ಪಕ್ಕದ ದೇಶದಲ್ಲಿ ಕೊಂಡು ಹೊತ್ತು ತರುವುದನ್ನು ನೋಡಿ ನೋಡಿ ಸಾಕಾಗಿ ಬಾಗಿಲು ತೆರೆದರು.

ನಮ್ಮ ದೇಶದಲ್ಲಿ ಈ ಬಾಗಿಲು ತೆರೆದು ಎಷ್ಟೋ ಕಾಲವಾಯಿತು. ನಮ್ಮ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಇಂಥ ಅಂಗಡಿ ಇದೆ. ಆದರೆ ನಮ್ಮ ಜನಕ್ಕೇ ಅದು ಗೊತ್ತಿಲ್ಲ. ಇದು ನನಗೆ ಬಹಳ ಬೇಸರದ ವಿಷಯ. ಯಾಕೆ ಬೇಸರ ಅಂತ ಒಂದು ಘಟನೆ ಹೇಳುತ್ತೇನೆ, ಕೇಳಿ.

ನನ್ನ ಅಕ್ಕ, ಭಾವ ಇರುವುದು ಶಿಡ್ಲಘಟ್ಟದಲ್ಲಿ. ಭಾವ ಮೇಷ್ಟರಾಗಿದ್ದವರು. ಅವರ ಮಗಳು ಅಮೆರಿಕದಲ್ಲಿದ್ದಾಳೆ. ಇಬ್ಬರೂ ಅಲ್ಲಿ ಕೆಲವು ತಿಂಗಳು ಇದ್ದು ವಾಪಸ್ ಹೊರಟರು. ನಮ್ಮ ಕಡೆ ಗೊತ್ತಲ್ಲ, ವಿದೇಶದಿಂದ ಬರುತ್ತಾರೆ ಅಂದರೆ ಇಡೀ ಬೀದಿ ಕಾಯುತ್ತಿರುತ್ತದೆ. ಪಕ್ಕದ ಮನೆಯ ಹುಡುಗಿಗೆ ಮದುವೆ ಗೊತ್ತಾಗಿತ್ತು. ಅವಳಿಗೆ ಒಂದು ಒಳ್ಳೆಯ ಸೆಂಟು ತರುತ್ತೇನೆ ಅಂತ ಅಕ್ಕ ಹೋಗುವಾಗಲೇ ಮಾತು ಕೊಟ್ಟಿದ್ದಳು. ಭಾವನವರ ಹಳೆಯ ಸ್ನೇಹಿತರೊಬ್ಬರು ರೇಷ್ಮೆ ರೀಲಿಂಗ್ ಮಾಡಿಸುತ್ತಾರೆ. ಅವರು ಬಾಯಿಬಿಟ್ಟು ಒಂದು ಬಾಟಲಿ ಕೇಳಿದ್ದರು. ಮಗಳು ಎಲ್ಲವನ್ನೂ ಅಲ್ಲಿನ ವಿಮಾನ ನಿಲ್ದಾಣದ ಡ್ಯೂಟಿ ಫ್ರೀಯಲ್ಲೇ ಕೊಡಿಸಿದಳು. ಅಂಗಡಿಯವರು ಅದನ್ನು ಪಾರದರ್ಶಕ ಚೀಲದಲ್ಲಿ ಹಾಕಿ, ಬಿಲ್ಲು ಒಳಗಿಟ್ಟು, ಸೀಲ್ ಮಾಡಿ ಕೊಟ್ಟರು.

ಈಗ ಪ್ರಯಾಣ. ಮಧ್ಯೆ ಒಂದು ದೇಶದಲ್ಲಿ ವಿಮಾನ ಬದಲಾಯಿಸಬೇಕು. ರಾತ್ರಿಯೆಲ್ಲಾ ನಿದ್ದೆ ಇಲ್ಲ. ಅಕ್ಕನಿಗೆ ಸೆಂಟಿನ ಬಾಟಲಿ ಒಡೆದೀತು ಎಂಬ ಭಯ. ವಿಮಾನದಲ್ಲಿ ಕೂತಲ್ಲೇ ಆ ಚೀಲ ಬಿಚ್ಚಿ, ಬಾಟಲಿಗಳನ್ನು ತನ್ನ ಶಾಲಿನಲ್ಲಿ ಸುತ್ತಿ, ಕೈಚೀಲದಲ್ಲಿ ಜೋಡಿಸಿದಳು. ತಾಯಂದಿರು ಮಾಡುವುದೇ ಹಾಗೆ, ಅಲ್ವಾ? ಇಳಿದರು. ಅಲ್ಲಿ ಮತ್ತೆ ತಪಾಸಣೆ. 2006ರಲ್ಲಿ ಲಂಡನ್ನಿನಲ್ಲಿ ದ್ರವರೂಪದ ಸ್ಫೋಟಕವನ್ನು ವಿಮಾನಕ್ಕೆ ಒಯ್ಯುವ ಸಂಚು ಬಯಲಾದ ಮೇಲೆ, ಎಷ್ಟೋ ನಿಲ್ದಾಣಗಳಲ್ಲಿ 100 ಮಿಲಿಲೀಟರ್‌ಗಿಂತ ದೊಡ್ಡ ಬಾಟಲಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಡ್ಯೂಟಿ ಫ್ರೀ ಬಾಟಲಿಗೆ ವಿನಾಯಿತಿ ಇದೆ, ಆದರೆ ಸೀಲ್ ಒಡೆದಿರಬಾರದು. ಸೀಲ್ ಒಡೆದಿತ್ತು. ತಪಾಸಣೆಯ ಹುಡುಗ ಬಾಟಲಿಗಳನ್ನು ತೆಗೆದು ಪಕ್ಕದ ಡಬ್ಬಿಗೆ ಹಾಕಿದ.

ಅಕ್ಕ ಕೈ ಮುಗಿದಳಂತೆ. ಮದುವೆ ಹುಡುಗಿಗೆ ಕಣಪ್ಪಾ ಅಂದಳಂತೆ, ಕನ್ನಡದಲ್ಲೇ. ಭಾವ ಮೇಷ್ಟರ ಇಂಗ್ಲಿಷಿನಲ್ಲಿ ನಿಯಮ ಏನು ತೋರಿಸಿ ಎಂದು ಕೇಳಿದರು. ಅವನು ಗೋಡೆಯ ಮೇಲಿನ ಬೋರ್ಡು ತೋರಿಸಿದ. ಹಿಂದೆ ಉದ್ದದ ಸಾಲು. ಮುಂದಿನ ವಿಮಾನದ ಗೇಟು ದೂರ. ಭಾವನವರಿಗೆ ಮಂಡಿನೋವು. ಬೆಲೆಬಾಳುವ ಸಾಮಾನು ಕಣ್ಣೆದುರೇ ಕಸವಾಯಿತು. ಇಬ್ಬರೂ ಏದುಸಿರು ಬಿಡುತ್ತಾ ಓಡಿ ವಿಮಾನ ಹಿಡಿದರು. ದೇವನಹಳ್ಳಿ ಬರುವವರೆಗೂ ಒಬ್ಬರಿಗೊಬ್ಬರು ಮಾತಾಡಲಿಲ್ಲವಂತೆ.

ಇಲ್ಲಿ ಇಳಿದರು. ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಂಡು ಲಗೇಜ್ ಬೆಲ್ಟಿನ ಕಡೆ ನಡೆದರೆ, ದಾರಿಯಲ್ಲೇ ಡ್ಯೂಟಿ ಫ್ರೀ ಅಂಗಡಿ. ಅದೇ ಸೆಂಟು ಅಲ್ಲಿತ್ತು. ಭಾವ ಒಂದು ಕ್ಷಣ ನಿಂತು ನೋಡಿ, ಇದು ಫಾರಿನ್‌ನವರಿಗೆ ಇರಬೇಕು ಬಾ ಅಂತ ಅಕ್ಕನನ್ನು ಕರೆದುಕೊಂಡು ಹೊರಗೆ ಬಂದುಬಿಟ್ಟರು! ಇದನ್ನು ಕೇಳಿದ ದಿನ ನನಗೆ ತಡೆಯಲಾಗಲಿಲ್ಲ. ಭಾವ, ಅದು ನಿಮಗೇ ಇಟ್ಟಿರುವ ಅಂಗಡಿ, ಪಾಸ್‌ಪೋರ್ಟು ಬೋರ್ಡಿಂಗ್ ಪಾಸು ತೋರಿಸಿದ್ದರೆ ಕೊಡುತ್ತಿದ್ದರು ಅಂದೆ. ಅಷ್ಟು ಓದಿದವರಿಗೇ ಗೊತ್ತಿಲ್ಲ ಅಂದರೆ, ಮೊದಲ ಸಲ ಕುವೈತಿನಿಂದ ಬರುವ ಹುಡುಗನಿಗೆ ಯಾರು ಹೇಳಬೇಕು?

ಹಾಗಾಗಿ ಇನ್ನೊಮ್ಮೆ ಹೇಳುತ್ತೇನೆ. ಕೊಳ್ಳುವುದಿದ್ದರೆ ಇಳಿದ ಮೇಲೆ ಕೊಳ್ಳಿ. ದುಡ್ಡು ಇಲ್ಲೇ ಉಳಿಯಲಿ, ಹೊರುವ ಕಷ್ಟವೂ ತಪ್ಪಲಿ.

ಕೆಲವರು ಹೇಳುತ್ತಾರೆ, ಇದರಿಂದ ಕುಡಿತ ಜಾಸ್ತಿಯಾಗುತ್ತದೆ ಅಂತ. ಇಲ್ಲ, ಆಗುವುದಿಲ್ಲ. ಒಬ್ಬರಿಗೆ ಮದ್ಯ 2 ಲೀಟರ್ ಅಂತ ಮಿತಿ ಇದೆ. ದುಬೈಯಲ್ಲಿ ಕೊಂಡರೂ ಅಷ್ಟೇ, ದೇವನಹಳ್ಳಿಯಲ್ಲಿ ಕೊಂಡರೂ ಅಷ್ಟೇ. ಎರಡೂ ಸೇರಿ 2 ಲೀಟರ್. 2020ರ ಜನವರಿಯಲ್ಲಿ ಒಂದು ಸುದ್ದಿ ಬಂತು. ಡ್ಯೂಟಿ ಫ್ರೀ ಅಂಗಡಿಗಳಲ್ಲಿ ಇನ್ನು ಒಂದೇ ಬಾಟಲಿ ಕೊಡಬೇಕು ಎಂದು ಕೇಂದ್ರದ ವಾಣಿಜ್ಯ ಸಚಿವಾಲಯ ಸಲಹೆ ಕೊಟ್ಟಿದೆ ಅಂತ. ಅದನ್ನು ಓದಿ ನನಗೆ ಸಿಟ್ಟು ಬಂತು. ಇಲ್ಲಿ ಒಂದೇ ಅಂದರೆ ಪ್ರಯಾಣಿಕ ಎರಡನೆಯದನ್ನು ಹೊರಗಿನಿಂದಲೇ ಕೊಂಡು ತರುತ್ತಾನೆ. ಬಾಟಲಿ ಕಡಿಮೆಯಾಗಲ್ಲ, ನಮ್ಮ ವ್ಯಾಪಾರ ಕಡಿಮೆಯಾಗುತ್ತದೆ.

ಸುರಕ್ಷತೆಯ ಮಾತೂ ಇದೆ. ತುಂಬಿದ ಒಂದು ಲೀಟರಿನ ಗಾಜಿನ ಬಾಟಲಿ ಹತ್ತಿರ ಹತ್ತಿರ ಒಂದೂವರೆ ಕಿಲೋ ತೂಗುತ್ತದೆ. 200 ಜನರ ವಿಮಾನದಲ್ಲಿ ಒಬ್ಬೊಬ್ಬರೂ ಎರಡೆರಡು ಹಿಡಿದು ಬಂದರೆ 600 ಕಿಲೋ. ಉರಿಯುವ ದ್ರವ, ಒಡೆಯುವ ಗಾಜು, ಅದೂ ತಲೆಯ ಮೇಲಿನ ಗೂಡಿನಲ್ಲಿ. ಇಳಿದ ಮೇಲೆ ಸಿಗುವುದನ್ನು ಆಕಾಶದಲ್ಲಿ ಹೊತ್ತು ತರುವುದು ಯಾಕೆ?

ಇನ್ನು ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನೋಡಿ. ಅಂಗಡಿಯವರು ನಿಲ್ದಾಣಕ್ಕೆ ಪಾಲು ಕೊಡುತ್ತಾರೆ. ನಮ್ಮ ನಿಲ್ದಾಣದ ಕಂಪನಿಯಲ್ಲಿ ರಾಜ್ಯ ಸರ್ಕಾರದ ಸಂಸ್ಥೆಗೆ ಶೇಕಡಾ 13 ಪಾಲಿದೆ, ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೂ ಶೇಕಡಾ 13. ಅದಲ್ಲದೆ, ವಿಮಾನದಲ್ಲಿ ಹೋಗುವವರಿಂದ ವಸೂಲು ಮಾಡುವ ಶುಲ್ಕ ನಿಗದಿ ಮಾಡುವಾಗ, ಅಂಗಡಿ, ಪಾರ್ಕಿಂಗ್ ಇಂಥ ಆದಾಯದಲ್ಲಿ ನೂರಕ್ಕೆ ಮೂವತ್ತು ಭಾಗವನ್ನು ಶುಲ್ಕ ಇಳಿಸುವುದಕ್ಕೆ ಲೆಕ್ಕ ಹಿಡಿಯುತ್ತಾರೆ. ಅಂದರೆ ಇಲ್ಲಿ ವ್ಯಾಪಾರ ಜಾಸ್ತಿಯಾದಷ್ಟೂ ನಿಮ್ಮ ಟಿಕೆಟ್ಟಿನ ಮೇಲಿನ ಹೊರೆ ಕಡಿಮೆ. ದುಬೈ ಅಂಗಡಿಯಲ್ಲಿ ಕೊಂಡರೆ ದುಬೈ ನಿಲ್ದಾಣ ಬೆಳೆಯುತ್ತದೆ. ಮತ್ತೆ ಅಂಗಡಿ ಅಂದಮೇಲೆ ಕೆಲಸ. ನಮ್ಮ ಜಿಲ್ಲೆಯ ಎಷ್ಟೋ ಹುಡುಗ ಹುಡುಗಿಯರು ಬೆಳಿಗ್ಗೆ, ರಾತ್ರಿ ಪಾಳಿಗೆ ಆ ನಿಲ್ದಾಣಕ್ಕೆ ಹೋಗಿ ಬರುತ್ತಾರೆ. ಅವರ ಸಂಬಳ ಇಂಥ ವ್ಯಾಪಾರದಿಂದಲೇ ಬರಬೇಕು.

ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿಯ ವೈನು, ನಮ್ಮ ರೇಷ್ಮೆ, ಇವಕ್ಕೆ ಆ ಅಂಗಡಿಗಳಲ್ಲಿ ಒಳ್ಳೆಯ ಜಾಗ ಸಿಗಬೇಕು ಎಂಬುದನ್ನೂ ವಿವರವಾಗಿ ಹೇಳಬೇಕು ಅಂದುಕೊಂಡಿದ್ದೆ. ಗಾಜಿನ ಆಚೆಯಿಂದ ಸಮಯ ಮುಗಿಯುತ್ತಾ ಬಂತು ಅಂತ ಸನ್ನೆ ಮಾಡುತ್ತಿದ್ದಾರೆ. ಅದನ್ನು ಬಿಟ್ಟು, ಬೇಕಾದ ನಾಲ್ಕು ಮಾತು ಬೇಗ ಹೇಳಿಬಿಡುತ್ತೇನೆ.

ಅಂಗಡಿ ಇರುವುದು ಕಸ್ಟಮ್ಸ್, ಅಂದರೆ ಸುಂಕದ ತಪಾಸಣೆ, ದಾಟುವ ಮುಂಚೆ. ಹೊರಗೆ ಬಂದ ಮೇಲೆ ವಾಪಸ್ ಹೋಗಿ ಕೊಳ್ಳಲು ಆಗುವುದಿಲ್ಲ. ಪಾಸ್‌ಪೋರ್ಟು, ಬೋರ್ಡಿಂಗ್ ಪಾಸು ಕೈಯಲ್ಲೇ ಇರಲಿ, ಬೋರ್ಡಿಂಗ್ ಪಾಸು ವಿಮಾನದಲ್ಲೇ ಬಿಸಾಡಬೇಡಿ. ಸುಂಕವಿಲ್ಲದೆ ತರುವ ಸಾಮಾನಿಗೆ ಒಟ್ಟು ಬೆಲೆಯ ಮಿತಿ ಇದೆ. 2016ರ ನಿಯಮದಲ್ಲಿ ಅದನ್ನು 50,000 ರೂಪಾಯಿ ಎಂದು ಇಟ್ಟಿದ್ದರು. ಸರ್ಕಾರ ಇದನ್ನು ಆಗಾಗ ಬದಲಾಯಿಸುತ್ತದೆ, ಹೊರಡುವ ಮುಂಚೆ ಕೇಳಿ ತಿಳಿದುಕೊಳ್ಳಿ. ಹೊರಗಿನಿಂದ ತಂದದ್ದು, ಇಲ್ಲಿ ಕೊಂಡದ್ದು ಎರಡೂ ಆ ಲೆಕ್ಕಕ್ಕೆ ಸೇರುತ್ತದೆ. ಗಂಡನ ಮಿತಿ, ಹೆಂಡತಿಯ ಮಿತಿ ಎರಡನ್ನೂ ಕೂಡಿಸಿ ಒಂದೇ ದೊಡ್ಡ ಸಾಮಾನು ತರುವಂತಿಲ್ಲ. 2016ರ ನಿಯಮದಲ್ಲಿ ನೇಪಾಳ, ಭೂತಾನ್, ಮ್ಯಾನ್ಮಾರ್‌ನಿಂದ ಬರುವವರಿಗೆ ಮಿತಿ ಇನ್ನೂ ಕಡಿಮೆ ಇತ್ತು. ಬಿಲ್ಲು ಜೋಪಾನವಾಗಿ ಇಟ್ಟುಕೊಳ್ಳಿ. ಮಿತಿ ಮೀರಿದೆ ಅನ್ನಿಸಿದರೆ, ಸುಂಕ ಕಟ್ಟುವುದೇನೂ ಇಲ್ಲದವರ ಹಸಿರು ದಾರಿಗೆ ಹೋಗಬೇಡಿ, ಕಟ್ಟುವುದು ಇರುವವರ ಕೆಂಪು ದಾರಿಗೆ ಹೋಗಿ ನೀವೇ ಹೇಳಿಕೊಳ್ಳಿ, ಲೆಕ್ಕ ಹಾಕಿ ಸುಂಕ ಕಟ್ಟಿಸಿಕೊಂಡು ಕಳಿಸುತ್ತಾರೆ.

ಮುಂದಿನ ತಿಂಗಳು ನಿಮ್ಮ ಮನೆಗೆ ಯಾರಾದರೂ ವಿದೇಶದಿಂದ ಬರುವವರಿದ್ದರೆ ಇವತ್ತೇ ಫೋನ್ ಮಾಡಿ ಇದನ್ನು ಹೇಳಿ. ನಮಸ್ಕಾರ.