ಅನ್ನನಾಳದ ಕಾವಲಿಗೆ ಜೊಲ್ಲು

ಕೇಳುಗರಿಗೆ ನಮಸ್ಕಾರ. ಊಟವಾಗಿ ಸ್ವಲ್ಪ ಹೊತ್ತಿಗೆ ಎದೆಯ ನಡುವೆ ಉರಿ, ಗಂಟಲಿಗೆ ಹುಳಿನೀರು. ಕೂಡಲೇ ನಿಮ್ಮ ಕೈ ಮಾತ್ರೆಯ ಡಬ್ಬಿ ಹುಡುಕುತ್ತದೆ. ಹುಡುಕಲಿ, ಬೇಡವೆನ್ನುವುದಿಲ್ಲ. ಆದರೆ ಅಷ್ಟರಲ್ಲಿ ನಿಮ್ಮ ಬಾಯಿ ಆಗಲೇ ಮದ್ದು ಕಳುಹಿಸಿರುತ್ತದೆ. ಅದೇ ಜೊಲ್ಲು. ಇವತ್ತು ನಾನು ಹೇಳುವುದು ಇದೊಂದನ್ನೇ.

ಜಠರದ ಆಮ್ಲ ಮೇಲಕ್ಕೆ ಉಕ್ಕುವುದು ಆರೋಗ್ಯವಂತರಲ್ಲೂ ಇದ್ದದ್ದೇ. ಅನ್ನನಾಳದ ತುದಿಯ ಸ್ನಾಯುವಿನ ಉಂಗುರ ಆಗಾಗ ಸಡಿಲವಾಗುತ್ತದೆ. ಜಠರಕ್ಕೆ ದಪ್ಪ ಲೋಳೆಯ ಹೊದಿಕೆಯಿದೆ, ಅನ್ನನಾಳಕ್ಕೆ ಆ ಭಾಗ್ಯವಿಲ್ಲ. ಆದರೂ ಅದು ಸುಟ್ಟುಹೋಗುವುದಿಲ್ಲವಲ್ಲ, ಏಕೆ?

1984ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಆರೋಗ್ಯವಂತರ ಅನ್ನನಾಳಕ್ಕೆ ಕೊಳವೆಯ ಮೂಲಕ 15 ಮಿಲಿಲೀಟರ್ ಆಮ್ಲ ಬಿಟ್ಟರು. ವಿಕಿರಣ ಸೂಸುವ ವಸ್ತು ಬೆರೆಸಿದ್ದರಿಂದ ಅದು ಎಲ್ಲಿದೆಯೆಂದು ಹೊರಗಿನಿಂದಲೇ ಗೊತ್ತಾಗುತ್ತಿತ್ತು. ಅನ್ನನಾಳ ಒಂದೆರಡು ಸಲ ಮೇಲಿನಿಂದ ಕೆಳಕ್ಕೆ ಹಿಂಡಿಕೊಂಡಿತು, ಹೆಚ್ಚುಕಡಿಮೆ ಆಮ್ಲವೆಲ್ಲ ಜಠರಕ್ಕೆ ಇಳಿಯಿತು. ಅಲ್ಲಿಗೆ ಮುಗಿಯಿತೆಂದುಕೊಂಡಿರಾ? ಇಲ್ಲ. ಗೋಡೆಗೆ ಅಂಟಿಕೊಂಡ ತೆಳು ಪಸೆ ಇನ್ನೂ ಕಡುಹುಳಿಯಾಗಿಯೇ ಇತ್ತು. ಒಮ್ಮೆ ಜೊಲ್ಲು ನುಂಗಿದಾಗ ಹುಳಿ ಒಂದು ಮೆಟ್ಟಿಲು ಇಳಿಯಿತು. ಮತ್ತೆ ನುಂಗಿದಾಗ ಇನ್ನೊಂದು. ಹೀಗೆ ಗುಟುಕಿಗೊಂದು ಮೆಟ್ಟಿಲು! ಆಮೇಲೆ ಸಂಶೋಧಕರು ಬಾಯಿಯಲ್ಲಿ ಊರಿದ ಜೊಲ್ಲನ್ನು ಹೀರಿ ಹೊರಗೆ ತೆಗೆದು ನೋಡಿದರು. ಹುಳಿ ಮುರಿಯಲೇ ಇಲ್ಲ. ಚೀಪುವ ಮಾತ್ರೆ ಕೊಟ್ಟು ಜೊಲ್ಲು ಹೆಚ್ಚಿಸಿದರು, ಬೇಗ ಮುರಿಯಿತು. ಜೊಲ್ಲಿನಲ್ಲಿರುವ ಬೈಕಾರ್ಬನೇಟ್ ಎಂಬ ಕ್ಷಾರ ಮಾಡುವ ಕೆಲಸವಿದು. ಇಂಥದ್ದನ್ನು ಬಾಯಲ್ಲಿಟ್ಟುಕೊಂಡು ನಾವು ಅಸಹ್ಯಪಡುತ್ತೇವೆ!

ಇಷ್ಟು ಹೇಳಿದ ಮೇಲೂ ಉಂಡೊಡನೆ ಹಾಸಿಗೆಗೆ ಒರಗುವವರಿಗೆ ಏನೆನ್ನಲಿ? ನಿದ್ದೆಯಲ್ಲಿ ಜೊಲ್ಲು ಊರುವುದು ಬಹುತೇಕ ನಿಂತುಹೋಗುತ್ತದೆ, ನುಂಗುವುದೂ ಅಪರೂಪ. ರಾತ್ರಿ ಉಕ್ಕಿದ ಆಮ್ಲ ಬಹಳ ಹೊತ್ತು ಅಲ್ಲೇ ಕುಳಿತಿರುತ್ತದೆ. ಊಟಕ್ಕೂ ನಿದ್ದೆಗೂ ನಡುವೆ ಎರಡು ಮೂರು ಗಂಟೆ ಬಿಡಿ ಎಂದು ನಾವು ವೈದ್ಯರು ಗೋಗರೆಯುವುದು ಇದಕ್ಕೇ. ಕೇಳುವವರು ಬೇಕಷ್ಟೇ.

ಸಮಯ ಮುಗಿಯುತ್ತಾ ಬಂತು. ಅನ್ನನಾಳದ ಗೋಡೆಯ ವಿಷಯ ಬಾಕಿಯೇ ಉಳಿಯಿತು: ಅಲ್ಲಿ ಚಪ್ಪಟೆ ಕೋಶಗಳು ಪದರ ಪದರವಾಗಿ ಬಿಗಿದುಕೊಂಡಿವೆ, ಒಳಗೆ ನುಸುಳಿದ ಆಮ್ಲವನ್ನು ಹೊರದಬ್ಬುತ್ತವೆ. ಎದೆಯುರಿಯವರು ಮಂಚದ ತಲೆಯ ಕಡೆ ಎತ್ತರಿಸಿಕೊಳ್ಳಿ, ಎಡಮಗ್ಗುಲಿಗೆ ಮಲಗಿ. ಬಾಯಿ ಒಣಗಿಸುವ ಔಷಧಿ ಸೇವಿಸುತ್ತಿದ್ದರೆ ವೈದ್ಯರಿಗೆ ತಿಳಿಸಿ. ತುತ್ತು ಎದೆಯಲ್ಲಿ ಸಿಕ್ಕಿಕೊಂಡಂತಾದರೆ, ಮಲ ಕಪ್ಪಾದರೆ ಮಾತ್ರ ಜೊಲ್ಲನ್ನು ನಂಬಿ ಕೂರಬೇಡಿ, ತಡಮಾಡದೆ ತೋರಿಸಿಕೊಳ್ಳಿ. ನಮಸ್ಕಾರ.