ಸೂಜಿಗಳಿಗೊಂದು ಪಂಜರ

ಕೇಳುಗರೇ, ನಮಸ್ಕಾರ.

ತೋಟದಲ್ಲಿ ಚೈನ್‌ಸಾ ಹಚ್ಚಿ ಮರ ಕೊಯ್ಸಿದವರಿಗೆ ಅದರ ಕೂಗು ಗೊತ್ತೇ ಇದೆ. ಪೂರ್ತಿ ವೇಗದಲ್ಲಿ ಇಂಜಿನ್ ಒಳಗೆ ತಿರುಗುವ ಅಚ್ಚು, ಅಂದರೆ ಕ್ರ್ಯಾಂಕು, ನಿಮಿಷಕ್ಕೆ 12,000 ಸುತ್ತು ದಾಟುತ್ತದೆ. ಆದರೆ ಕಾರಿನಲ್ಲಿರುವಂತೆ ಆಯಿಲ್ ಪಂಪು ಅಲ್ಲಿಲ್ಲ. ಲೀಟರ್ ಪೆಟ್ರೋಲಿಗೆ ಸುಮಾರು 20 ಮಿಲಿಲೀಟರ್ ಟೂ-ಸ್ಟ್ರೋಕ್ ಆಯಿಲ್ ಬೆರೆಸುತ್ತೇವಲ್ಲ, ಅದು ಮಂಜಿನಂತೆ ಹಾದುಹೋಗುವಾಗ ಎಷ್ಟು ಅಂಟಿತೋ ಅಷ್ಟೇ. ಅಷ್ಟರಲ್ಲೇ ಬಾಳುವೆ ಮಾಡುವುದು ನೀಡಲ್ ಬೇರಿಂಗ್, ಅಂದರೆ ಸೂಜಿಯಂಥ ಸಣ್ಣ ಕಡ್ಡಿಗಳ ಮೇಲೆ ಉರುಳುವ ಬೇರಿಂಗ್.

ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್ನಿನ ಮೇಲೆ ಕೂರುವ ಆ ಬೇರಿಂಗನ್ನು ಅಂಗೈ ಮೇಲಿಟ್ಟು ನೋಡಿ. ಸಣ್ಣದೊಂದು ಉಂಗುರ; ಸುತ್ತಲೂ ಪೆನ್ಸಿಲ್ ಸೀಸದಷ್ಟು ದಪ್ಪದ ಉಕ್ಕಿನ ಕಡ್ಡಿಗಳು. ಒಂದೊಂದಕ್ಕೂ ಒಂದೊಂದು ಕಿಂಡಿ.

ಈ ಕಿಂಡಿಗಳದ್ದೇ ಕಥೆ. ಮೊದಲು ಸೂಜಿಗಳನ್ನು ಒತ್ತೊತ್ತಾಗಿ ತುಂಬುತ್ತಿದ್ದರು. ವೇಗ ಏರಿದಂತೆ ಒಂದಕ್ಕೊಂದು ಉಜ್ಜಿ ಬಿಸಿಯಾಗುತ್ತಿದ್ದವು, ಓರೆಯಾಗಿ ಸಿಕ್ಕಿಹಾಕಿಕೊಳ್ಳುತ್ತಿದ್ದವು. 1949ರಲ್ಲಿ ಜರ್ಮನಿಯ ಗೇಯೋರ್ಗ್ ಶೆಫ್ಲರ್ ಪ್ರತಿ ಸೂಜಿಯನ್ನೂ ಪಂಜರದ ಪ್ರತ್ಯೇಕ ಕಿಂಡಿಯಲ್ಲಿ ನೇರವಾಗಿ ನಿಲ್ಲಿಸಿದ. ಸೂಜಿಗಳ ಲೆಕ್ಕ ಕಡಿಮೆಯಾಯಿತು, ಓಟ ಹೆಚ್ಚಿತು. ಎಣ್ಣೆಯ ಮಂಜಿಗೂ ನಡುವೆ ಜಾಗ ಸಿಕ್ಕಿತು.

ಅವನೂ ಅಣ್ಣ ವಿಲ್ಹೆಲ್ಮ್ ಕೂಡ 1946ರಲ್ಲಿ ಬವೇರಿಯಾದ ಹೆರ್ಟ್ಸೋಗೆನ್‌ಔರಾಖ್‌ನಲ್ಲಿ ಕಂಪನಿ ಕಟ್ಟಿದಾಗ ತಯಾರಿಸುತ್ತಿದ್ದುದು ಮರದ ಕೈಗಾಡಿ, ಏಣಿ, ಅಂಗಿ ಗುಂಡಿಗಳನ್ನು! ಐಎನ್‌ಎ ಎಂಬ ಬೇರಿಂಗ್ ಹೆಸರು ಹುಟ್ಟಿದ್ದು ಅಲ್ಲಿಂದಲೇ. ವಿಲ್ಹೆಲ್ಮ್ ನಾಜಿ ಪಕ್ಷದ ಸದಸ್ಯನಾಗಿದ್ದ; ಯುದ್ಧಕಾಲದಲ್ಲಿ ಅವರ ಬಟ್ಟೆ ಕಾರ್ಖಾನೆಯ ಮಾಲು ಸೇನೆಗೆ ಹೋಗುತ್ತಿತ್ತು. ಆ ಪುಟ ಹಾರಿಸಿ ಈ ಕಥೆ ಹೇಳುವುದು ನನಗೆ ಸರಿ ಕಾಣದು. ಅಂದ ಹಾಗೆ, ಅಡಿಡಾಸ್ ಮತ್ತು ಪೂಮಾ ಕೂಡ ಅದೇ ಪುಟ್ಟ ಊರಿನವು. ಆ ಕಂಪನಿಗಳ ಅಣ್ಣತಮ್ಮಂದಿರು ಜಗಳವಾಡಿ ಎರಡು ಪಾಲಾದರು, ಶೆಫ್ಲರ್‌ಗಳು ಆಗಲಿಲ್ಲ.

2001ರಲ್ಲಿ ಶೆಫ್ಲರ್‌ಗಳ ಕಂಪನಿ, ಶ್ವೈನ್‌ಫುರ್ಟ್ ಊರಿನ ಹಳೆಯ ಬೇರಿಂಗ್ ಕಂಪನಿ ಎಫ್‌ಎಜಿಯನ್ನೇ ಕೊಂಡುಕೊಂಡಿತು. 1883ರಲ್ಲಿ ಉಕ್ಕಿನ ಗುಂಡುಗಳನ್ನು ಒಂದೇ ಅಳತೆಗೆ ಅರೆಯುವ ಯಂತ್ರ ಮಾಡಿದ ಫ್ರೀಡ್ರಿಖ್ ಫಿಷರ್ ಶುರು ಮಾಡಿದ ಸಂಸ್ಥೆ ಅದು. ಅದರ ವಡೋದರಾ ಕಾರ್ಖಾನೆಯೂ ಜೊತೆಗೇ ಬಂತು.

ಇನ್ನು ರಿಪೇರಿ ಅಂಗಡಿಗೆ ಬನ್ನಿ. ಸೀಜ್ ಆದ, ಅಂದರೆ ಒಳಗೇ ಬಿಗಿದು ನಿಂತ ಇಂಜಿನ್ ಬಿಚ್ಚಿದ ಮೆಕ್ಯಾನಿಕ್ ಮೊದಲು ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದು ಸಡಿಲ ಇದೆಯೇ ಎಂದು ನೋಡುತ್ತಾನೆ. ಆಮೇಲೆ ಬೇರಿಂಗನ್ನು ಬೆಳಕಿಗೆ ಹಿಡಿಯುತ್ತಾನೆ. ಸೂಜಿಗಳು ನೀಲಿಗಟ್ಟಿದ್ದರೆ ಅವನು ಕೇಳುವುದು ಒಂದೇ ಮಾತು: "ಆಯಿಲ್ ಎಷ್ಟು ಹಾಕಿದ್ರಿ?"

ನಮಸ್ಕಾರ.