ಕೀಲಿ ಯಾರ ಹತ್ತಿರ ಇದೆ?

ಕೇಳುಗರಿಗೆ ನಮಸ್ಕಾರ. ರಾಯಚೂರು ಜಿಲ್ಲೆಯ ಸರ್ಕಾರಿ ಶಾಲೆಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಇವತ್ತು ಸಿಂಧನೂರು, ನಾಳೆ ದೇವದುರ್ಗ, ಹೀಗೆ ದಿನಾ ತಿರುಗಾಟ.

ಹೋದಲ್ಲೆಲ್ಲ ನಾನು ಮೊದಲು ಕೇಳುವುದು ಕಂಪ್ಯೂಟರ್ ಕೋಣೆಯ ಕೀಲಿ. ಅದು ಒಬ್ಬರ ಹತ್ತಿರ ಇರುತ್ತದೆ, ಅವರು ಅವತ್ತು ತರಬೇತಿಗೆ ಹೋಗಿರುತ್ತಾರೆ. ಮಾಸ್ತರರನ್ನು ನಾನು ದೂರುವುದಿಲ್ಲ. ಪ್ರತಿ ಸಾಮಾನೂ ದಾಸ್ತಾನು ಪುಸ್ತಕದಲ್ಲಿದೆ. 'ಮಕ್ಕಳು ಕೆಡಿಸಿದರೆ ಲೆಕ್ಕ ಕೊಡೋರು ಯಾರು ಸರ?' ಅಂತಾರೆ. ಆ ಭಯ ನಿಜ. ಆದರೆ ಮುಚ್ಚಿಟ್ಟ ಕೋಣೆಯಲ್ಲೇ ಸಾಮಾನು ಬೇಗ ಹಾಳಾಗುತ್ತದೆ.

ಕರೆಂಟ್ ಹೋದಾಗ ಕಂಪ್ಯೂಟರ್ ಆರದಂತೆ ನೋಡಿಕೊಳ್ಳುವ ಯುಪಿಎಸ್ ಬ್ಯಾಟರಿಯನ್ನೇ ನೋಡಿ. ತಿಂಗಳುಗಟ್ಟಲೆ ಚಾರ್ಜ್ ಇಲ್ಲದೆ ಕೂತರೆ ಒಳಗಿನ ಸೀಸದ ಪ್ಲೇಟಿನ ಮೇಲೆ ಬಿಳಿ ಪದರ ಗಟ್ಟಿಯಾಗುತ್ತದೆ. ಆಮೇಲೆ ಅದು ಚಾರ್ಜ್ ಹಿಡಿಯುವುದಿಲ್ಲ. ಮೇಲೆ ನಮ್ಮ ಬಿಸಿಲು ಬೇರೆ. ಈ ಬ್ಯಾಟರಿಗೆ 25 ಡಿಗ್ರಿ ಆಸುಪಾಸು ಹಿತ. ಅದರ ಮೇಲೆ ಸುಮಾರು 10 ಡಿಗ್ರಿ ಏರಿದರೆ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗೇ 40 ದಾಟುತ್ತದೆ, ಅಲ್ವಾ? ಕಿಟಕಿ ಮುಚ್ಚಿದ ಕೋಣೆಯ ಗತಿ ನೀವೇ ಯೋಚಿಸಿ. ಬ್ಯಾಟರಿಗೆ ಬೋರಿನ ನೀರು ಹಾಕಿದ್ದನ್ನೂ ಕಂಡಿದ್ದೇನೆ. ದಯವಿಟ್ಟು ಹಾಕಬೇಡಿ, ಡಿಸ್ಟಿಲ್ಡ್ ವಾಟರೇ ಬೇಕು.

ಒಂದು ಹೈಸ್ಕೂಲಿನಲ್ಲಿ 'ಇಂಟರ್ನೆಟ್ ಕೆಟ್ಟಿದೆ, ಸ್ಯಾಟ್ಸ್ ತೆಗೆಯುತ್ತಿಲ್ಲ' ಅಂತ ಆ ಸರ್ಕಾರಿ ವೆಬ್‌ಸೈಟಿನಲ್ಲಿ ಮಕ್ಕಳ ವಿವರ ತುಂಬುವ ಕೆಲಸ ವಾರಗಟ್ಟಲೆ ನಿಂತಿತ್ತು. ಹೋಗಿ ನೋಡಿದರೆ ಪರದೆಯ ಮೂಲೆಯಲ್ಲಿ ತಾರೀಖು 2009! ಕಂಪ್ಯೂಟರ್ ಆರಿಸಿದಾಗಲೂ ಗಡಿಯಾರ ನಡೆಸುವ, ಒಳಗಿನ ಮದರ್‌ಬೋರ್ಡಿನ ಪುಟ್ಟ ಸೆಲ್ ಮುಗಿದಿತ್ತು. ತಾರೀಖು ತಪ್ಪಿದ್ದರೆ, ಇಂತಿಷ್ಟು ಅವಧಿಗೆ ಮಾತ್ರ ನಡೆಯುವ ವೆಬ್‌ಸೈಟಿನ ಭದ್ರತಾ ಪತ್ರವನ್ನು ಕಂಪ್ಯೂಟರ್ ನಂಬುವುದಿಲ್ಲ, ಪುಟ ತೆಗೆಯುವುದಿಲ್ಲ. ಸಿಆರ್ 2032 ಅಂತ ಕೇಳಿದರೆ ವಾಚ್ ರಿಪೇರಿ ಅಂಗಡಿಯಲ್ಲೂ ಆ ಸೆಲ್ ಸಿಗುತ್ತದೆ. ಹಾಕಿದೆ, ತಾರೀಖು ಸರಿ ಮಾಡಿದೆ, ಪುಟ ತೆರೆಯಿತು. ಹೆಡ್ ಮಾಸ್ತರು ಸುಮ್ನೆ ನನ್ನ ಮುಖ ನೋಡಿದರು. ನನಗೆ ಬೇಜಾರಾಯಿತು. ಇಷ್ಟು ಸಣ್ಣದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಂತ ಹಳೆಯ ಮಷಿನ್ ಗುಜರಿಗೆ ಹಾಕಬೇಡಿ. ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿದರೆ ಎಷ್ಟೋ ಓಡುತ್ತವೆ, ಅದರಲ್ಲೂ ಕನ್ನಡ ಬರೆಯಬಹುದು.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯರು ಕೇಳುತ್ತಿದ್ದರೆ ಒಂದು ಕೋರಿಕೆ. ದಾಸ್ತಾನು ಪುಸ್ತಕದ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿಸಿ. ಯಾವ ಮಷಿನ್, ಯಾವತ್ತು, ಏನಾಯಿತು, ಅಷ್ಟೇ ಬರೆದರೆ ಸಾಕು. ಬಳಸುವಾಗ ಕೆಟ್ಟಿತು ಅನ್ನುವುದಕ್ಕೆ ಆ ಪುಟವೇ ಮಾಸ್ತರರಿಗೆ ಆಸರೆ. ಕೀಲಿ ಇಬ್ಬರ ಹತ್ತಿರ ಇರಲಿ. ಬೇಸಿಗೆ ರಜೆಯಲ್ಲೂ 15 ದಿನಕ್ಕೊಮ್ಮೆ ಯಾರಾದರೂ ಹೋಗಿ, ಕಿಟಕಿ ತೆಗೆದು, ಬ್ಯಾಟರಿ ಚಾರ್ಜಿಗೆ ಹಾಕಿ ಬರಲಿ. ನಮಸ್ಕಾರ.